ಸಾದಾ ಪೆಟ್ರೋಲು

ಡಾಕ್ಟರ್ ಶಿವಕಾಂತಾ ಬಿಳಿ ಮಾರುತಿ ಕಾರನ್ನು ಕಲಬುರ್ಗಿಯಿಂದ ತಾನೇ ನಡೆಸಿಕೊಂಡು ಬಂದು ಜೇವರ್ಗಿಯ ತನ್ನ ದವಾಖಾನೆಯ ಮುಂದೆ ನಿಲ್ಲಿಸಿದ ದಿನ ಊರಿನ ಅರ್ಧ ಮಂದಿ ಅಲ್ಲಿ ನೆರೆದಿದ್ದರು. ಇಷ್ಟು ಸಣ್ಣ ಕಾರನ್ನು ಅವರು ನೋಡಿರಲಿಲ್ಲ. ಹೆಣ್ಣುಮಗಳೊಬ್ಬಳು ಸ್ಟೀರಿಂಗ್ ಹಿಡಿದು ಭೀಮಾ ನದಿಯ ಸೇತುವೆ ದಾಟಿ ಬಂದದ್ದನ್ನೂ ನೋಡಿರಲಿಲ್ಲ. ಪಕ್ಕದ ಸೀಟಿನಲ್ಲಿ ಗಂಡ ದೌಲತರಾಯ ವಕೀಲರು ಮೊಣಕಾಲುಗಳನ್ನು ಎದೆಗೆ ತಾಗಿಸಿಕೊಂಡು ಕುಳಿತಿದ್ದರು. ಇಳಿಯುತ್ತಲೇ, "ಕಾರಲ್ಲೋ ಇದು, ಬೆಲ್ಲದ ಡಬ್ಬಿ" ಎಂದು ನೆರೆದವರನ್ನು ನಗಿಸಿದರು. ಶಿವಕಾಂತಾಳೂ ನಕ್ಕಳು. ಅವತ್ತು ನಗಲಿಕ್ಕೆ ಅವಳಿಗೆ ಕಷ್ಟವಾಗಲಿಲ್ಲ.

ಅದು ಸಾವಿರದ ಒಂಬೈನೂರ ಎಂಬತ್ತೇಳು. ಸುತ್ತಲ ಹಳ್ಳಿಗಳಲ್ಲಿ ಹೆರಿಗೆ ಕಷ್ಟವಾದರೆ ಜನ ಬರುತ್ತಿದ್ದದ್ದು 'ಬಾಯಾರು' ಎಂದು ಅವರು ಕರೆಯುವ ಅವಳ ಬಳಿಗೇ. ಬಸ್ಸು ಸಿಗದೆ, ಎತ್ತಿನ ಗಾಡಿಯಲ್ಲಿ ಕುಲುಕುತ್ತ ಬರುವಷ್ಟರಲ್ಲಿ ಹೋದ ಜೀವಗಳನ್ನು ಅವಳು ಕಂಡಿದ್ದಳು. ಅವರು ಬರುವುದಕ್ಕಿಂತ ನಾನೇ ಹೋಗುವುದು ಮೇಲು ಎಂದು ತನ್ನ ದುಡಿಮೆಯಲ್ಲೇ ಆ ಕಾರು ತೆಗೆದುಕೊಂಡಿದ್ದಳು.

ಕಾರು ಕೊಡುವಾಗ ಕಲಬುರ್ಗಿಯ ಅಂಗಡಿಯವರು ಒಂದು ಮಾತು ಒತ್ತಿ ಹೇಳಿದ್ದರು. ಪೆಟ್ರೋಲಿನಲ್ಲಿ ಎರಡು ಬಗೆ. ಒಂದು ಸಾದಾ, ಎಂಬತ್ತೇಳು ಆಕ್ಟೇನಿನದು, ಇನ್ನೊಂದು ತೊಂಬತ್ತಮೂರರದು. ಈ ಎಂಜಿನ್ನಿಗೆ ತೊಂಬತ್ತಮೂರೇ ಬೇಕು, ಅದಕ್ಕೆ ತಕ್ಕಂತೆಯೇ ಕೂಡಿಸಿದೆ. ಸಾದಾ ಹಾಕಿದರೆ ಬಿಸಿಲಲ್ಲಿ, ಭಾರ ಎಳೆಯುವಾಗ, ಪೆಟ್ರೋಲು ಹೊತ್ತಿಗೆ ಮೊದಲೇ ಹೊತ್ತಿಕೊಂಡು ಒಳಗೇ ಬಡಿಯುತ್ತದೆ. ಬಡಿದೂ ಬಡಿದೂ ಒಂದು ದಿನ ಎಂಜಿನ್ ಸುಟ್ಟುಹೋಗುತ್ತದೆ. ಗುರುತು ತಪ್ಪಬಾರದೆಂದು ಸಾದಾಕ್ಕೆ ಕಿತ್ತಳೆ ಬಣ್ಣ, ತೊಂಬತ್ತಮೂರಕ್ಕೆ ಕೆಂಪು ಬಣ್ಣ ಕೂಡಿಸಿರುತ್ತಾರೆಂದು ಎರಡನ್ನೂ ಗಾಜಿನ ಶೀಸೆಯಲ್ಲಿ ತೋರಿಸಿದ್ದರು. ಔಷಧಿಯ ಪ್ರಮಾಣ ಕೇಳಿಕೊಳ್ಳುವಂತೆ ಶಿವಕಾಂತಾ ಅದನ್ನು ಕೇಳಿಕೊಂಡಿದ್ದಳು.

ಜೇವರ್ಗಿಯಲ್ಲಿ ಪೆಟ್ರೋಲ್ ಪಂಪು ಇದ್ದದ್ದು ಅಮೃತಪ್ಪನದು. ಅವನು ದೌಲತರಾಯರ ಶಾಲೆಯ ಗೆಳೆಯ. ಶಿವಕಾಂತಾ ಕೇಳಿಕೊಂಡ ಮೇಲೆ, ಹೆದ್ದಾರಿಯಲ್ಲಿ ಅಂಥ ಕಾರುಗಳ ಓಡಾಟವೂ ಹೆಚ್ಚಿದ್ದರಿಂದ, ಅವನು ತೊಂಬತ್ತಮೂರರ ಪಂಪೊಂದನ್ನು ಬೇರೆಯಾಗಿಯೇ ಹಾಕಿಸಿದ. ದೌಲತರಾಯರಿಗೆ ಇದೆಲ್ಲ ತಮಾಷೆ.

"ಪೆಟ್ರೋಲ್ ಅಂದ್ರ ಪೆಟ್ರೋಲ್. ಮಾಲದಂಡಿ ಜ್ವಾಳದ್ದೂ ರೊಟ್ಟಿನೇ, ಹೈಬ್ರಿಡ್ ಜ್ವಾಳದ್ದೂ ರೊಟ್ಟಿನೇ" ಅನ್ನುತ್ತಿದ್ದರು.

"ಹಂಗಿದ್ರ ಹೈಬ್ರಿಡ್ ರೊಟ್ಟಿ ಬಡದ ದಿನ ಮಾರಿ ಯಾಕ ಗಂಟ ಹಾಕ್ತೀರಿ?" ಎಂದು ಅವಳು ಕೇಳುತ್ತಿದ್ದಳು.

ಭಾನುವಾರ ದೌಲತರಾಯರು ಪಂಪಿನ ಪಕ್ಕದ ಬೇವಿನ ನೆರಳಲ್ಲಿ ಗೆಳೆಯರೊಂದಿಗೆ ಕೂಡುತ್ತಿದ್ದರು. ಮರುವರ್ಷದ ಉಗಾದಿಯ ಹೊತ್ತಿಗೆ, "ಹೆಂಗೂ ನಾ ಹೋಗ್ತೇನಲ್ಲ, ಗಾಡಿ ಒಯ್ದು ನಾನೇ ತುಂಬಿಸ್ಕೊಂಡು ಬರ್ತೇನಿ" ಅಂದರು. ವಾರವಿಡೀ ಬಿಡುವಿಲ್ಲದ ಶಿವಕಾಂತಾಳಿಗೆ ಅದರಿಂದ ಖುಷಿಯೇ ಆಯಿತು. ಗಂಡ ಕಡೆಗೂ ತನ್ನ ಕೆಲಸಕ್ಕೆ ಕೈಜೋಡಿಸಿದ ಅಂದುಕೊಂಡಳು.

ಹಾಗೆ ತುಂಬಿಸಿಕೊಂಡು ಬಂದ ಮೊದಲ ವಾರವೇ ಕಾರು ಸದ್ದು ಮಾಡಲು ಹತ್ತಿತು. ಏರು ಬಂದಾಗ, ವೇಗ ಹೆಚ್ಚಿಸಿದಾಗ, ತಗಡಿನ ಡಬ್ಬಿಯಲ್ಲಿ ಹರಳು ಹಾಕಿ ಅಲ್ಲಾಡಿಸಿದಂಥ ಸದ್ದು. ಶಿವಕಾಂತಾಳ ಕಿವಿ ಅಂತಿಂಥದ್ದಲ್ಲ. ಬಸುರಿಯ ಹೊಟ್ಟೆಯ ಮೇಲೆ ಕಟ್ಟಿಗೆಯ ಕೊಳವೆ ಇಟ್ಟು, ಹೊರಗೆ ಸಂತೆಯೇ ನಡೆದಿದ್ದರೂ, ಒಳಗಿನ ಕೂಸಿನ ಗುಂಡಿಗೆ ದಣಿದಿದೆಯೋ ಇಲ್ಲವೋ ಎಂದು ಹೇಳುತ್ತಿದ್ದ ಕಿವಿ ಅದು. ಅಂದೇ ಸಂಜೆ ಗಂಡನಿಗೆ ಹೇಳಿದಳು.

"ಎಂಜಿನ್ ಬಡ್ಯಾಕತ್ತದರಿ. ತೊಂಬತ್ತಮೂರೇ ಹಾಕ್ಸಿದ್ರಿಲ್ಲೋ?"

"ಮತ್ತೇನ ನೀರ ಹಾಕಿಸ್ಕೊಂಡು ಬಂದೇನಿ?" ದೌಲತರಾಯರು ಕಾಗದಪತ್ರದಿಂದ ತಲೆಯೆತ್ತಲಿಲ್ಲ. "ನಿನ್ನ ಕಾಲು ಭಾರ ಅದ. ಗೇರ್ ಬರೋಬ್ಬರಿ ಹಾಕಂಗಿಲ್ಲ. ಮೆಲ್ಲಕ ಹೊಡಿ."

ಅವಳು ಮೆಲ್ಲಗೆ ಹೊಡೆದಳು. ಸದ್ದು ನಿಲ್ಲಲಿಲ್ಲ. ಮತ್ತೆ ಹೇಳಿದಳು, ಈ ಸಲ ದೌಲತರಾಯರು ನಕ್ಕರು. ಬಸ್‌ಸ್ಟ್ಯಾಂಡಿನ ಹಿಂದಿನ ಮೆಕ್ಯಾನಿಕ್ ಅಬ್ದುಲ್ ಗನಿಗೆ ತೋರಿಸಿದಳು. ಅವನು ನಿಂತ ಗಾಡಿಯ ಬಾನೆಟ್ ಎತ್ತಿ ಕೇಳಿ, "ಏನೂ ಇಲ್ರಿ ಬಾಯಾರ. ಹೆಣ್ಮಕ್ಕಳು ಕ್ಲಚ್ ಮ್ಯಾಲ ಕಾಲಿಟ್ಟು ಹೊಡೀತಾರ, ಅದಕ್ಕ ಹಂಗ" ಅಂದುಬಿಟ್ಟ. ಆಮೇಲೆ ಶಿವಕಾಂತಾ ತನ್ನ ಕಾಲನ್ನೇ ಗಮನಿಸತೊಡಗಿದಳು. ಗೇರು ಬದಲಿಸುವ ರೀತಿ ಬದಲಿಸಿದಳು. ಬರಬರುತ್ತ, ಆ ಸದ್ದು ಖರೆಯೋ ಅಥವಾ ತನ್ನ ಕಿವಿಗೆ ಮಾತ್ರ ಕೇಳುವ ಭ್ರಮೆಯೋ ಎಂದು ಅನುಮಾನ ಹುಟ್ಟುವವರೆಗೂ ಹೋಯಿತು. ಮನೆಯಲ್ಲಿ ಆ ಮಾತು ಎತ್ತುವುದನ್ನೇ ಬಿಟ್ಟಳು.

ಮೇ ತಿಂಗಳ ಒಂದು ಮಧ್ಯಾಹ್ನ ಇಜೇರಿಯಿಂದ ಬೀರಣ್ಣ ಎಂಬುವನು ಯಾರದೋ ಮೋಟರ್‌ಸೈಕಲ್ಲಿನ ಹಿಂದೆ ಕುಳಿತು ದವಾಖಾನೆಗೆ ಬಂದ. ಹೆಂಡತಿ ಹಣಮವ್ವ ಬೆಳಿಗ್ಗೆ ಹೆಣ್ಣುಕೂಸು ಹಡೆದಿದ್ದಳು. ಚೊಚ್ಚಲು. ಕೂಸು ಚೆನ್ನಾಗಿತ್ತು, ಆದರೆ ಮಾಸು ಬಿದ್ದಿರಲಿಲ್ಲ. "ನೆತ್ತರ ನಿಲ್ಲವಲ್ದರಿ ಬಾಯಾರ, ಜಲ್ದಿ ನಡೀರಿ" ಅಂದವನ ಧೋತರದ ಅಂಚಿಗೂ ನೆತ್ತರು ಹತ್ತಿತ್ತು.

ಶಿವಕಾಂತಾ ನರ್ಸ್ ಬದರುನ್ನಿಸಾಳನ್ನು ಹತ್ತಿಸಿಕೊಂಡು ಹೊರಟಳು. ಹೋಗುವಾಗಲೂ ಕಾರು ಬಡಿಯಿತು; ಅವಳು ಹಲ್ಲು ಕಚ್ಚಿ ಹೊಡೆದಳು. ಇಜೇರಿಯ ಆ ಸಣ್ಣ ಮನೆಯಲ್ಲಿ ಕೈಯಿಂದಲೇ ಮಾಸು ತೆಗೆದಳು, ಸೂಜಿ ಚುಚ್ಚಿದಳು, ಸಲೈನ್ ಏರಿಸಿದಳು. ನೆತ್ತರು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಇನ್ನು ಕಲಬುರ್ಗಿಯ ದೊಡ್ಡ ದವಾಖಾನೆಯೇ ಗತಿ, ಅಲ್ಲಿ ರಕ್ತ ಕೊಡಬಹುದು. ಕೂಸನ್ನು ಬೀರಣ್ಣನ ತಾಯಿ ರೇವಮ್ಮನ ಮಡಿಲಿಗೆ ಹಾಕಿ, ಹಣಮವ್ವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು. ತಲೆ ಬದರುನ್ನಿಸಾಳ ತೊಡೆಯ ಮೇಲೆ. ಬೀರಣ್ಣ ಮುಂದೆ ಕುಳಿತು ಹಿಂದಕ್ಕೆ ಕೈ ಚಾಚಿ ಸಲೈನ್ ಬಾಟಲಿ ಎತ್ತಿ ಹಿಡಿದ.

ಬಿಸಿಲು ಬೆಂಕಿಯಂತೆ ಸುರಿಯುತ್ತಿತ್ತು. ಶಿವಕಾಂತಾ ಎಷ್ಟು ವೇಗ ಸಾಧ್ಯವೋ ಅಷ್ಟು ವೇಗದಲ್ಲಿ ಹೊಡೆದಳು. ಹಳ್ಳದ ಸೇತುವೆ ದಾಟಿ ಏರು ಹತ್ತುವಾಗ ಹರಳಿನ ಸದ್ದು ಸುತ್ತಿಗೆಯ ಸದ್ದಾಯಿತು. ಆಕ್ಸಿಲರೇಟರ್ ಒತ್ತಿದರೂ ಗಾಡಿಗೆ ಕಸುವು ಬರಲಿಲ್ಲ. ಏರಿನ ನೆತ್ತಿ ಇನ್ನೇನು ಮುಟ್ಟಬೇಕು, ಏನೋ ಫಟ್ಟೆಂದಿತು, ಹಿಂದಿನಿಂದ ಹೊಗೆ ಬಂತು, ಕಾರು ನಿಂತುಬಿಟ್ಟಿತು. ಕೀಲಿ ತಿರುವಿದಳು, ಮತ್ತೆ ತಿರುವಿದಳು. ಎಂಜಿನ್ ಒಣ ಕೆಮ್ಮು ಕೆಮ್ಮಿತೇ ಹೊರತು ಹೊತ್ತಲಿಲ್ಲ.

ಎರಡೂ ಬದಿಗೆ ತೊಗರಿ ಕೊಯ್ದ ಬರಿ ಹೊಲಗಳು. ಒಂದು ಜಾಲಿಗಿಡ, ಅದಕ್ಕೂ ಎಲೆಯಿಲ್ಲ. ಬಾಗಿಲು ತೆರೆದಿಟ್ಟು, ಶಿವಕಾಂತಾ ಹಿಂದಿನ ಸೀಟಿನ ಕೆಳಗೆ ಮೊಣಕಾಲೂರಿ ಹಣಮವ್ವನ ಹೊಟ್ಟೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು. ಕೈ ಸಡಿಲಿಸಿದರೆ ನೆತ್ತರು ಹರಿಯುತ್ತಿತ್ತು. ಬೀರಣ್ಣ ಬಾಟಲಿಯನ್ನು ಬದರುನ್ನಿಸಾಳ ಕೈಗೆ ಕೊಟ್ಟು ರಸ್ತೆಯ ನಡುವೆ ನಿಂತ. ಬಂದ ಬಸ್ಸು ಕಿಟಕಿಯವರೆಗೂ ತುಂಬಿತ್ತು. ಹಾರ್ನ್ ಹಾಕಿ, ಅವನನ್ನು ಬಳಸಿಕೊಂಡು ಹೋಯಿತು. ಹಣಮವ್ವನ ತುಟಿಯ ಬಣ್ಣ ಇಳಿಯುತ್ತ ಬಂತು.

"ಬಾಯಾರ, ನೀರಡಿಕಿ" ಅಂದಳು. ಅದೊಂದೇ ಮಾತು, ಮತ್ತೆ ಮತ್ತೆ.

ಬಿಸಿಲು ಪಡುವಣಕ್ಕೆ ವಾಲಿದ ಮೇಲೆ ನೆಲಕ್ಕೆ ಹಾಸುವ ಕಲ್ಲುಪರಸಿ ಹೇರಿದ ಟ್ರ್ಯಾಕ್ಟರೊಂದು ಬಂದು ನಿಂತಿತು. ಕಲ್ಲಿನ ಮೇಲೆ ಕೌದಿ ಹಾಸಿ ಅವಳನ್ನು ಮಲಗಿಸಿದರು. ಜೇವರ್ಗಿಯವರೆಗೆ ಶಿವಕಾಂತಾ ಆ ಹೊಟ್ಟೆಯ ಮೇಲಿನ ಕೈ ತೆಗೆಯಲಿಲ್ಲ. ಅಲ್ಲಿಂದ ಸರಕಾರಿ ಜೀಪು ಸಿಕ್ಕಿತು.

ಹಣಮವ್ವ ಉಳಿದಳು. ಆದರೆ ಕಲಬುರ್ಗಿಯಲ್ಲಿ ಆಕೆಯ ಗರ್ಭಕೋಶ ತೆಗೆಯಬೇಕಾಯಿತು. ಆಪರೇಷನ್ ಮಾಡಿದ ಹಿರಿಯ ಡಾಕ್ಟರು ಕೈ ತೊಳೆಯುತ್ತ, "ಇನ್ನಷ್ಟು ಮೊದಲು ತಂದಿದ್ರ ಉಳಿಸಬಹುದಿತ್ತಮ್ಮ" ಅಂದರು. ಬೈದು ಹೇಳಿದ ಮಾತಲ್ಲ. ಆದರೂ ಅದು ಶಿವಕಾಂತಾಳ ಎದೆಯಲ್ಲಿ ಚುಚ್ಚಿಕೊಂಡು ನಿಂತಿತು. ನನ್ನ ಕಾಲು ಭಾರ, ನಾನು ಗಾಡಿ ಕೆಡಿಸಿದೆ, ನಾನು ಈ ಹುಡುಗಿಯ ಹೊಟ್ಟೆ ಬರಿದು ಮಾಡಿದೆ ಎಂದು ಆ ರಾತ್ರಿಯಿಡೀ ತನ್ನನ್ನೇ ತಾನು ಸುಟ್ಟುಕೊಂಡಳು.

ಮರುದಿನ ಭಾನುವಾರ. ಅವಳು ಊರಿಗೆ ಮರಳುವಷ್ಟರಲ್ಲಿ ಕಾರನ್ನು ಎಳೆದು ತಂದು ಅಬ್ದುಲ್ ಗನಿಯ ಅಂಗಡಿಯ ಮುಂದೆ ನಿಲ್ಲಿಸಿದ್ದರು. ಗನಿ ಎಂಜಿನ್ ಬಿಚ್ಚಿಟ್ಟಿದ್ದ. ಪಿಸ್ಟನ್ನಿನ ತಲೆ ಸುಟ್ಟು, ಬೆರಳು ತೂರುವಷ್ಟು ತೂತು ಬಿದ್ದಿತ್ತು.

"ಗಾಡಿ ಬಾಳ ಎಳದೀರಿ ಬಾಯಾರ" ಅಂದ ಗನಿ.

ಶಿವಕಾಂತಾ ಆ ತೂತನ್ನು ನೋಡುತ್ತ ನಿಂತಳು. ಬಡಿದೂ ಬಡಿದೂ ಸುಟ್ಟುಹೋಗುತ್ತದೆ ಎಂದು ಕಾರು ಕೊಟ್ಟವರು ಹೇಳಿದ್ದು ಇದನ್ನೇ. ದವಾಖಾನೆಗೆ ಹೋದಳು. ಒಂದು ರಬ್ಬರಿನ ನಳಿಗೆ, ಒಂದು ಖಾಲಿ ಸಲೈನ್ ಬಾಟಲಿ ತಂದಳು. ನಳಿಗೆಯನ್ನು ಟ್ಯಾಂಕಿನೊಳಗೆ ಇಳಿಬಿಟ್ಟು ತಾನೇ ಬಾಯಿಯಿಂದ ಎಳೆದಳು. ಒಂದು ಗುಟುಕು ಬಾಯಿಗೆ ಬಂತು, ಉಗುಳಿದಳು. ಉಳಿದದ್ದು ಬಾಟಲಿಗೆ ಇಳಿಯಿತು. ಅದನ್ನು ಬಿಸಿಲಿಗೆ ಹಿಡಿದಳು.

ಕಿತ್ತಳೆ ಬಣ್ಣ. ಕೆಂಪಿನ ಎಳೆಯೂ ಇರಲಿಲ್ಲ.

ಮೊದಲು ಅವಳಿಗೆ ಅನಿಸಿದ್ದು ಅಮೃತಪ್ಪನ ಮೋಸ. ತೊಂಬತ್ತಮೂರು ಎಂದು ಹೇಳಿ ಸಾದಾ ಹಾಕಿದ್ದಾನೆ. ಪಾಪ, ಇವರಿಗೂ ಗೊತ್ತಾಗಿಲ್ಲ. ಬಾಯಲ್ಲಿ ಇನ್ನೂ ಪೆಟ್ರೋಲಿನ ನಾತ. ಬಾಟಲಿ ಹಿಡಿದುಕೊಂಡು ನೆಟ್ಟಗೆ ಪಂಪಿಗೆ ನಡೆದಳು. ಬೇವಿನ ಕೆಳಗೆ ದೌಲತರಾಯರು ಇದ್ದೇ ಇರುತ್ತಾರೆ, ವಕೀಲರು, ಈ ಕಳ್ಳನ ಚರ್ಮ ಸುಲಿಯುತ್ತಾರೆ ಎಂದುಕೊಳ್ಳುತ್ತಲೇ ಹೋದಳು.

ಬೇವಿನ ಕೆಳಗೆ ನಾಲ್ಕಾರು ಕುರ್ಚಿ, ನಡುವೆ ಚಹಾದ ಕಪ್ಪುಗಳು. ಅವಳು ಬಾಟಲಿಯನ್ನು ಅವುಗಳ ನಡುವೆ ಕುಕ್ಕಿದಳು.

"ಅಮೃತಪ್ಪನವರ, ಇದು ಯಾವ ಪಂಪಿಂದು?"

ಅಮೃತಪ್ಪ ಬಾಟಲಿ ನೋಡಿದ. ಆಮೇಲೆ ದೌಲತರಾಯರ ಮುಖ ನೋಡಿದ. ದೌಲತರಾಯರು ಚಹಾದ ಕಪ್ಪು ನೋಡಿದರು. ಆಮೇಲೆ ಅಮೃತಪ್ಪ ತೊಡೆ ತಟ್ಟಿ ನಕ್ಕ.

"ಗುರ್ತು ಹಿಡದ್ರು ನೋಡ್ರಿ ವೈನಿ! ವಕೀಲಸಾಬ, ಸೋತ್ರಿ ನೀವು. ಊಟ ನಿಮ್ದು!"

ಕುಳಿತವರೆಲ್ಲ ನಕ್ಕರು. ಶಿವಕಾಂತಾಳಿಗೆ ತಿಳಿಯಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅಮೃತಪ್ಪನೇ ಬಿಡಿಸಿ ಹೇಳಿದ. ಉಗಾದಿಯ ಹೊತ್ತಿಗೆ ಇಲ್ಲೇ ಕುಳಿತು ಶರ್ತ ಕಟ್ಟಿದ್ದರಂತೆ. ಡಾಕ್ಟರಬಾಯಿಯ ಕಾರಿಗೆ ಸುಮ್ಮನೆ ಸಾದಾ ತುಂಬಿಸುವುದು. ಆಕೆಗೆ ಗೊತ್ತಾಗುವುದೇ ಇಲ್ಲ ಎಂದು ದೌಲತರಾಯರ ಶರ್ತ, ಗೊತ್ತಾಗುತ್ತದೆ ಎಂದು ಅಮೃತಪ್ಪನದು. "ವಕೀಲಸಾಬ ಬಾಳ ದಿನ ಗೆದ್ದಂಗೇ ಇದ್ರು" ಅಂದ.

"ಮಷ್ಕಿರಿ ಶಿವಕಾಂತಾ" ಎಂದರು ದೌಲತರಾಯರು. ನಗು ಇನ್ನೂ ಮೀಸೆಯ ಕೆಳಗೆ ಇತ್ತು. "ಇಷ್ಟಕ್ಕ ಯಾಕ ಕಣ್ಣ ಕೆಂಪ ಮಾಡ್ತಿ? ನಡಿ ಮನಿಗಿ. ಪಿಸ್ಟನ್ ಹೊಸಾದು ಹಾಕ್ಸೋಣು."

ಶಿವಕಾಂತಾಳ ಕಿವಿಯೊಳಗೆ ಗುಂಯ್‌ಗುಡುವ ಸದ್ದೊಂದು ಎದ್ದಿತು. ಆದರೆ ಮಾತು ನಡುಗಲಿಲ್ಲ.

"ನಾ ಇವತ್ತ ಗುರ್ತು ಹಿಡದಿಲ್ಲ. ಉಗಾದಿ ಆದ ವಾರದಾಗೇ ಹಿಡದಿದ್ದೆ. ಎಂಜಿನ್ ಬಡ್ಯಾಕತ್ತದ ಅಂತ ನಿಮ್ಮ ಮುಂದ ನಿಂತು ಹೇಳಿದ್ದೆ. ಆವಾಗ ನೀವು ಸೋತಿದ್ರಿ. ಸೋತೇನಿ ಅನ್ನೂದು ಬಿಟ್ಟು ನನ್ನ ಕಾಲು ಭಾರ ಅಂದ್ರಿ. ನನ್ನ ಕಿವಿ ಸುಳ್ಳ ಮಾಡಿದ್ರಿ. ನಿನ್ನೆ ಆ ಏರಿನ ಮ್ಯಾಲ ಒಂದು ಹುಡುಗಿ ನೆತ್ತರ ಹರ್ಸಿಕೋತ ಬಿದ್ದಿದ್ಳು. ಆಕಿ ಗರ್ಭಕೋಶ ತಗದಾರ. ಇನ್ನ ಆಕಿ ಹಡ್ಯಂಗಿಲ್ಲ. ನಿಮ್ಮ ಊಟದ ಶರ್ತಕ್ಕ."

ನಗು ನಿಂತಿತು. ಪೆಟ್ರೋಲು ಹಾಕಿಸಿಕೊಳ್ಳಲು ಬಂದವರು, ಚಹಾದ ಅಂಗಡಿಯವರು, ದಾರಿಹೋಕರು ಸುತ್ತ ಕೂಡಿದ್ದರು.

"ಎಂಜಿನ್ ಅಂದ್ಮ್ಯಾಲ ಕೆಡ್ತದ..." ಎಂದು ದೌಲತರಾಯರು ಶುರು ಮಾಡಿದರು.

"ಕೋರ್ಟಿನ್ಯಾಗ ಹೇಳ್ರಿ ಅದನ್ನ. ಈಗ ಎದ್ದೇಳ್ರಿ. ಇಬ್ರೂ ಏಳ್ರಿ. ಕಲಬುರ್ಗಿಗಿ ಹೋಗೋಣು. ಬೀರಣ್ಣಗ ನೀವೇ ಹೇಳ್ರಿ. ಏನ ಮಾಡಿದ್ರಿ, ಯಾಕ ಮಾಡಿದ್ರಿ, ಅಂವನ ಮಾರಿ ನೋಡಿ ಹೇಳ್ರಿ."

ದೌಲತರಾಯರು ಏಳುತ್ತಿರಲಿಲ್ಲ. ಆದರೆ ನೆರೆದ ಮಂದಿ ಅವರನ್ನೇ ನೋಡುತ್ತಿತ್ತು. ಮೊದಲು ಎದ್ದವನು ಅಮೃತಪ್ಪ. ತನ್ನ ಜೀಪು ತೆಗೆದ. ದೌಲತರಾಯರೂ ಹತ್ತಿ ಕುಳಿತರು.

ಕಲಬುರ್ಗಿಯ ದವಾಖಾನೆಯ ವಾರ್ಡಿನ ಹೊರಗೆ, ಗೋಡೆಗೆ ಒರಗಿ ಬೀರಣ್ಣ ಕುಳಿತಿದ್ದ. ಇವರನ್ನು ಕಂಡದ್ದೇ ಎದ್ದು, ಹೆಗಲ ಮೇಲಿನ ಟವೆಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ದೌಲತರಾಯರಿಗೆ ಕೈಮುಗಿದ.

"ವಕೀಲಸಾಬ, ನೀವ್ಯಾಕ ತ್ರಾಸ ತಗೊಂಡ್ರಿ? ನಿಮ್ಮ ಮನಿ ಲಕ್ಷ್ಮಿ ನನ್ನ ಹೇಣ್ತಿ ಜೀವ ಉಳಿಸ್ಯಾಳರಿ. ಬಾಯಾರ ಇರದಿದ್ರ ದಾರ್ಯಾಗೇ ಹೋಗಿಬಿಡ್ತಿದ್ಳು. ನಿಮ್ಮ ಉಪಕಾರ ಮರ್ಯಂಗಿಲ್ರಿ."

"ಇರ್ಲಿ, ಇರ್ಲಿ" ಅಂದರು ದೌಲತರಾಯರು. ಆ ಕೃತಜ್ಞತೆಯನ್ನು ತಮಗೆ ಸಲ್ಲಬೇಕಾದದ್ದೇ ಎಂಬಂತೆ ತೆಗೆದುಕೊಂಡರು. ಪಂಪಿನ ನಗುವಿಗಿಂತ ಹೆಚ್ಚಾಗಿ ಶಿವಕಾಂತಾಳನ್ನು ಸುಟ್ಟದ್ದು ಆ ಎರಡು "ಇರ್ಲಿ"ಗಳು.

"ಹೇಳ್ರಿ" ಅಂದಳು.

ದೌಲತರಾಯರು ಗಂಟಲು ಸರಿ ಮಾಡಿಕೊಂಡರು. "ಬೀರಣ್ಣ, ನಿನ್ನೆ ಗಾಡಿಗಿ ಏನೋ ಒಂದು ಖರಾಬಿ ಆಗಿ..."

"ಖರಾಬಿ ಆಗಿಲ್ಲ" ಎಂದು ಶಿವಕಾಂತಾ ನಡುವೆಯೇ ತಡೆದಳು. "ಬೀರಣ್ಣ, ಕೇಳಪ್ಪ. ನನ್ನ ಗಾಡಿಗಿ ಒಂದು ಥರದ ಪೆಟ್ರೋಲು ಬೇಕು. ಬ್ಯಾರೆ ಹಾಕಿದ್ರ ಎಂಜಿನ್ ಸುಡ್ತದ. ಅದು ಗೊತ್ತಿದ್ದೂ ಇವ್ರಿಬ್ರು ಕೂಡಿ ಬ್ಯಾರೇದೇ ಹಾಕ್ಕೋತ ಬಂದಾರ. ನನಗ ಗೊತ್ತಾಗ್ತದೋ ಇಲ್ಲೋ ನೋಡೋಣು ಅಂತ ಶರ್ತ ಕಟ್ಟಿ. ಅದಕ್ಕ ಗಾಡಿ ಏರಿನ ಮ್ಯಾಲ ನಿಂತಿತು. ಅಲ್ಲಿ ಹೊತ್ತು ಹೋಗಿದ್ದಕ್ಕ ಹಣಮವ್ವನ ಗರ್ಭಕೋಶ ಹೋತು."

ಬೀರಣ್ಣ ಮೂವರ ಮುಖವನ್ನೂ ನೋಡಿದ. ಕಂಕುಳಿನ ಟವೆಲನ್ನು ತೆಗೆದು ಮತ್ತೆ ಹೆಗಲ ಮೇಲೆ ಹಾಕಿಕೊಂಡ. ಆಮೇಲೆ ಕೇಳಿದ:

"ನಗಾಕ ಮಾಡಿದ್ರೇನ್ರಿ?"

ದೌಲತರಾಯರು ಬೇರೆ ಕಡೆ ನೋಡಿದರು.

"ಅಲ್ರಿ, ನಗಾಕ?"

"ತಪ್ಪಾತು ಬೀರಣ್ಣ" ಅಂದ ಅಮೃತಪ್ಪ.

"ನನಗ ಹೇಳಬ್ಯಾಡ್ರಿ. ಆಕಿ ಒಳಗ ಮಲಗ್ಯಾಳ. ಆಕಿಗಿ ಇನ್ನಾ ಏನೂ ಗೊತ್ತಿಲ್ಲ. ಎಚ್ಚರಾದಮ್ಯಾಲ ಆಕಿಗಿ ನೀವೇ ಹೇಳ್ರಿ. ಅಲ್ಲಿತನಕ ಅಲ್ಲೇ ನೆಲದ ಮ್ಯಾಲ ಕುಂದರ್ರಿ."

ಅದು ಬೇಡಿಕೊಂಡ ಮಾತಾಗಿರಲಿಲ್ಲ. ದೌಲತರಾಯರ ಮುಖ ಕಪ್ಪಿಟ್ಟಿತು. ಇಂಥವನೊಬ್ಬ ತಮಗೆ ಕುಂದರ್ರಿ ಅನ್ನುವುದನ್ನು ಅವರು ಹಿಂದೆಂದೂ ಕೇಳಿರಲಿಲ್ಲ. ಹೆಂಡತಿಯ ಕಡೆ ಒಮ್ಮೆ ಉರಿಗಣ್ಣು ಬಿಟ್ಟು, ಧೋತರದ ಚುಂಗು ಹಿಡಿದುಕೊಂಡು ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟರು. ಅಮೃತಪ್ಪ ಕುಳಿತ. ಸಂಜೆಯವರೆಗೂ ಅಲ್ಲೇ ಕುಳಿತಿದ್ದ. ಹಣಮವ್ವ ಕಣ್ಣುಬಿಟ್ಟಾಗ ಶಿವಕಾಂತಾಳ ಜೊತೆ ಒಳಗೆ ಹೋಗಿ, ತಲೆ ತಗ್ಗಿಸಿಕೊಂಡು, ತಡವರಿಸುತ್ತ, ಎಲ್ಲವನ್ನೂ ಹೇಳಿದ. ಹಣಮವ್ವ ಅವನನ್ನು ನೋಡಲಿಲ್ಲ. ಗೋಡೆಯ ಕಡೆ ಹೊರಳಿ, "ನನ್ನ ಕೂಸಿಗಿ ಯಾರು ಹಾಲು ಕುಡಸಾಕತ್ತಾರ ಬಾಯಾರ?" ಎಂದು ಕೇಳಿದಳು. ಅಮೃತಪ್ಪ ಹೊರಗೆ ಬಂದು ಕಂಬ ಹಿಡಿದು ಅತ್ತ. ಅವನ ಅಳು ಕಂಡು ಶಿವಕಾಂತಾಳಿಗೆ ಕನಿಕರ ಬರಲಿಲ್ಲ. ಆದರೆ ಅವನು ಕುಳಿತಿದ್ದ ಎಂಬುದನ್ನು ಅವಳು ಮರೆಯಲಿಲ್ಲ.

ಆ ವಾರವೇ ಅವಳು ದವಾಖಾನೆಯ ಹಿಂದಿನ ಎರಡು ಕೋಣೆಗಳಿಗೆ ಸಾಮಾನು ಸಾಗಿಸಿದಳು. ಅತ್ತೆ ಸುಭದ್ರಾಬಾಯಿ ಬಂದು ಸಮಾಧಾನ ಹೇಳಿದರು. "ಗಂಡಸರು ಮಷ್ಕಿರಿ ಮಾಡ್ತಾರವ್ವ. ಮನಿ ಒಡಕೋತಾರೇನು ಅದಕ್ಕ?"

"ಅತ್ತಿ, ಸುಳ್ಳ ಹೇಳಿದ್ದು ಒಂದು ಸಲ ಅಲ್ಲ. ಭಾನುವಾರಕ್ಕೊಂದು ಸಲ ಹೇಳಿ, ನನ್ನ ಮಾರಿ ನೋಡಿ, ಒಳಗೊಳಗ ನಕ್ಕಾರ. ನಾ ಅದೇ ಮನ್ಯಾಗ ರೊಟ್ಟಿ ಬಡದು ನೀಡೇನಿ. ಇನ್ನ ಆಗಂಗಿಲ್ಲ" ಅಂದಳು.

ಪೆಟ್ರೋಲಿಗಾಗಿ ಗಂಡನನ್ನು ಬಿಟ್ಟವಳು ಎಂದು ಊರಲ್ಲಿ ಮಾತಾಯಿತು. ಅದು ಅವಳ ಕಿವಿಗೂ ಬಿತ್ತು. ತಿದ್ದಲು ಹೋಗಲಿಲ್ಲ. ಕಾರು ರಿಪೇರಿಯಾಯಿತು. ಪಂಪಿನಲ್ಲಿ ನಳಿಗೆ ಹಿಡಿಯುವಾಗ ಅವಳು ಇಳಿದು ಪಕ್ಕದಲ್ಲೇ ನಿಲ್ಲುತ್ತಿದ್ದಳು. ಅವಳು ಬಂದರೆ ಅಮೃತಪ್ಪ ಕುರ್ಚಿಯಿಂದೆದ್ದು ನಿಲ್ಲುತ್ತಿದ್ದ. ಅವಳು ಅವನೊಂದಿಗೆ ಮಾತಾಡುತ್ತಿರಲಿಲ್ಲ.

ಮಳೆಗಾಲ ಹಿಡಿದ ಮೇಲೆ ಒಂದು ಸಂಜೆ ದೌಲತರಾಯರು ಕೊಡೆ ಮಡಚಿಕೊಂಡು ದವಾಖಾನೆಯ ಬಾಗಿಲಲ್ಲಿ ನಿಂತರು. ಮೈ ಒಂದಿಷ್ಟು ಇಳಿದಿತ್ತು. ರೋಗಿಗಳು ಖಾಲಿಯಾಗುವವರೆಗೂ ಬೆಂಚಿನ ಮೇಲೆ ಕುಳಿತಿದ್ದರು.

"ತಪ್ಪಾತು ಅಂತ ಹೇಳಾಕ ಬಂದೇನಿ" ಅಂದರು. "ಇನ್ನ ಎಷ್ಟು ದಿನ ಈ ಸಿಟ್ಟು?"

"ನನಗ ಹೇಳಿದ್ರ ಮುಗಿಯಂಗಿಲ್ಲ. ಇಜೇರಿಗಿ ಹೋಗ್ರಿ. ಹಣಮವ್ವನ ಅತ್ತಿ, ಸೊಸಿ ಇನ್ನ ಹಡ್ಯಂಗಿಲ್ಲ, ತಪ್ಪು ಆಕಿದೇ ಅಂತ ಹೇಳಿ, ತನ್ನ ಮಗನಿಗಿ ಇನ್ನೊಂದು ಲಗ್ನ ಮಾಡ್ಬೇಕಂತಾಳಂತ. ಬೀರಣ್ಣ ಒಲ್ಲೆ ಅಂತ ಕುಂತಾನ, ಅಂವ ಹೇಳಿದ್ದು ಆಕಿ ನಂಬವಲ್ಲಳಂತ. ಆ ಮನ್ಯಾಗ ಹೋಗಿ ಹೇಳ್ರಿ, ತಪ್ಪು ಸೊಸಿದಲ್ಲ, ನಂದು ಅಂತ. ಹೇಳಿ ಬರ್ರಿ. ಆಮ್ಯಾಲ ಮಾತಾಡೋಣು."

"ಅಷ್ಟು ಮಂದಿ ಮುಂದ ನಾ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಕೊಡೆ ಬಿಚ್ಚಿ ಮಳೆಯಲ್ಲಿ ಇಳಿದು ಹೋದರು. ಇಜೇರಿಗೆ ಅವರು ಹೋಗಲಿಲ್ಲ. ಕೆಲವು ದಿನ ಕಾದು, ಒಂದು ಮುಂಜಾನೆ ಶಿವಕಾಂತಾ ಬದರುನ್ನಿಸಾಳಿಗೆ ದವಾಖಾನೆ ನೋಡಿಕೊಳ್ಳಲು ಹೇಳಿ ತಾನೇ ಹೊರಟಳು. ರೇವಮ್ಮನನ್ನೂ ಓಣಿಯ ಹಿರಿಯರನ್ನೂ ಕಟ್ಟೆಯ ಮೇಲೆ ಕೂಡಿಸಿ, ನಡೆದದ್ದನ್ನು ಗಂಡನ ಹೆಸರು ಹಿಡಿದೇ ಹೇಳಿದಳು. ಹೇಳುವಾಗ ದನಿ ಏರಿತು. ಇಳಿಸಲು ಅವಳು ನೋಡಲಿಲ್ಲ. ಹಣಮವ್ವ ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತು ಕೇಳುತ್ತಿದ್ದಳು. ಎಲ್ಲ ಮುಗಿದ ಮೇಲೆ ರೇವಮ್ಮ ಎದ್ದು, ಸೊಸೆಯ ಕೈಯಿಂದ ಕೂಸನ್ನು ತೆಗೆದುಕೊಂಡು, "ಬಾಯಾರಿಗಿ ಚಹಾ ಇಡು" ಅಂದಳು.